ಎಸ್ಪ್ರೆಸ್ಸೊ ಯಂತ್ರಕ್ಕೆ ಪಿಐಡಿ: ಕೊಡಗಿನಲ್ಲಿ ಮಾಡಿಸಿದವರು ಇದ್ದೀರಾ?

ಕೇಳಿದವರು, ಮಡಿಕೇರಿ:
ಮನೆಯ ತೋಟದ ಅರೇಬಿಕಾ, ಹುರಿಯುವುದೂ ನಾವೇ. ಒಂದೇ ಬಾಯ್ಲರಿನ ಹಳೆಯ ಎಸ್ಪ್ರೆಸ್ಸೊ ಯಂತ್ರವಿದೆ. ಪುಡಿ ಅದೇ, ತೂಕ ಅದೇ. ಆದರೂ ಒಂದು ಕಪ್ ಹುಳಿ, ಮುಂದಿನದು ಕಹಿ. ಥರ್ಮೋಸ್ಟಾಟ್ ತೆಗೆದು ಪಿಐಡಿ ನಿಯಂತ್ರಕ (ಶಾಖ ಅಳೆಯುತ್ತಾ ಹೀಟರನ್ನು ನಡೆಸುವ ಎಲೆಕ್ಟ್ರಾನಿಕ್ ಸಾಧನ) ಕೂರಿಸಿದರೆ ಸರಿಹೋಗುತ್ತದೆ ಎನ್ನುತ್ತಾರೆ. ಅನುಭವವಿದ್ದವರು ತಿಳಿಸಿ.

ವಿರಾಜಪೇಟೆಯಿಂದ:
ಕೂರಿಸಿಕೊಂಡಿದ್ದೇನೆ, ತೃಪ್ತಿಯಿದೆ. ಥರ್ಮೋಸ್ಟಾಟಿನ ಒಳಗಿರುವುದು ಕಾದಾಗ ಬಾಗುವ ಲೋಹದ ಬಿಲ್ಲೆ. ಅದು ಹೀಟರನ್ನು ಒಮ್ಮೆ ಆರಿಸಿದರೆ, ಶಾಖ ಹಲವು ಡಿಗ್ರಿ ಇಳಿಯುವ ತನಕ ಮತ್ತೆ ಹೊತ್ತಿಸುವುದಿಲ್ಲ. ನೀವು ಗುಂಡಿ ಒತ್ತಿದಾಗ ಶಾಖ ಮೇಲಿತ್ತೋ ಕೆಳಗಿತ್ತೋ, ಕಪ್ಪಿನ ರುಚಿ ಅದರಂತೆ. ಪಿಐಡಿ ಹೀಟರಿಗೆ ಸಣ್ಣ ಸಣ್ಣ ಕಂತುಗಳಲ್ಲಿ ಕರೆಂಟು ಕೊಟ್ಟು ಶಾಖವನ್ನು ಗುರಿಯ ಹತ್ತಿರವೇ ಹಿಡಿದಿಡುತ್ತದೆ. ಬೇಕಾದದ್ದು ನಿಯಂತ್ರಕ, ಬಾಯ್ಲರಿನ ಮೈಗೆ ಕೂರುವ ಸೆನ್ಸರ್, ಸಾಲಿಡ್ ಸ್ಟೇಟ್ ರಿಲೇ (ಎಸ್‌ಎಸ್‌ಆರ್, ಅಂದರೆ ಹೀಟರಿನ ಕರೆಂಟನ್ನು ಸದ್ದಿಲ್ಲದೆ ಹಚ್ಚಿ ಆರಿಸುವ ಎಲೆಕ್ಟ್ರಾನಿಕ್ ಸ್ವಿಚ್ಚು). ಕೊಳ್ಳುವಾಗ ಎಸ್‌ಎಸ್‌ಆರ್ ಔಟ್‌ಪುಟ್ ಇರುವ ನಿಯಂತ್ರಕವನ್ನೇ ಕೇಳಿ. ಟಕ್ ಟಕ್ ಎನ್ನುವ ಮಾಮೂಲಿ ರಿಲೇ ಇರುವ ನಿಯಂತ್ರಕವೂ ನೋಡಲು ಅಂಥದೇ ಡಬ್ಬಿಯಲ್ಲಿ ಬರುತ್ತದೆ.

ಆದರೆ ಮೊದಲು ಮನೆಯ ವೋಲ್ಟೇಜ್ ಅಳೆಯಿರಿ. ಹೀಟರಿನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಗುಣ. 230 ಇರಬೇಕಾದಲ್ಲಿ 180 ವೋಲ್ಟ್ ಬಂದರೆ 1300 ವಾಟಿನ ಹೀಟರ್ ಸುಮಾರು 800 ವಾಟಿಗೆ ಇಳಿಯುತ್ತದೆ. ಬೇಸಿಗೆಯಲ್ಲಿ ಆಟೋ ಟ್ಯೂನ್ ಮಾಡಿಟ್ಟ ಲೆಕ್ಕ (ನಿಯಂತ್ರಕ ತಾನೇ ಹೀಟರನ್ನು ಪರೀಕ್ಷಿಸಿ ಹೊಂದಿಸಿಕೊಂಡದ್ದು) ಆಟಿಯ, ಅಂದರೆ ಆಷಾಢದ, ಮಳೆಯಲ್ಲಿ ವೋಲ್ಟೇಜ್ ಬಿದ್ದಾಗ ನಡೆಯುವುದಿಲ್ಲ. ನಾನು ಸ್ಟೆಬಿಲೈಸರ್ ಇಟ್ಟೆ. ರುಚಿಯ ಅರ್ಧ ಪಾಲು ಅದರದೇ ಎಂದು ನನ್ನ ಅಂದಾಜು.

ಮಡಿಕೇರಿಯಿಂದ ಇನ್ನೊಬ್ಬರು:
ಸೆನ್ಸರ್ ಸರಿಯಿದೆಯೇ ಎಂದು ಕುದಿಯುವ ನೀರಿನಲ್ಲಿ ಅದ್ದಿ ನೋಡುವ ರೂಢಿಯಿದೆಯಲ್ಲ, ಅಲ್ಲಿ ಎಚ್ಚರ. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 1150 ಮೀಟರ್ ಮೇಲಿದೆ, ನೀರು 96 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಪರಿಚಯದವರೊಬ್ಬರು ಪರದೆಯಲ್ಲಿ 96 ಕಂಡೊಡನೆ ಸೆನ್ಸರ್ ಸುಳ್ಳು ಹೇಳುತ್ತಿದೆಯೆಂದು 4 ಡಿಗ್ರಿ ತಿದ್ದುಪಡಿ ಸೇರಿಸಿದರು. ಆಮೇಲೆ ಪರದೆ 93 ತೋರಿಸುವಾಗ ನಿಜದಲ್ಲಿ 89. ಕಾಫಿ ಹುಳಿಯಾಗದೆ ಇನ್ನೇನು! ಐಸ್ ನೀರಿನಲ್ಲಿ ಪರೀಕ್ಷಿಸಿ, ಸೊನ್ನೆ ಎಲ್ಲ ಊರಿನಲ್ಲೂ ಸೊನ್ನೆಯೇ.

ಇನ್ನೊಂದು ಮಾತು. ಪಿಐಡಿ ಇಲ್ಲದವರು ಗ್ರೂಪ್ ಹೆಡ್ಡಿನಿಂದ (ಪುಡಿಯ ಮೇಲೆ ಬಿಸಿನೀರು ಬೀಳುವ ಭಾಗ) ನೀರು ಬಿಟ್ಟು, ಬುಸುಗುಟ್ಟುವುದು ನಿಂತ ಮೇಲೆ ಇಷ್ಟು ಸೆಕೆಂಡ್ ಕಾಯಿರಿ ಎನ್ನುತ್ತಾರೆ. ಅದು ತಗ್ಗಿನ ಊರುಗಳ ಲೆಕ್ಕ. ಇಲ್ಲಿ ಆ ಸದ್ದು ನಿಲ್ಲುವಾಗಲೇ ನೀರು 96ರ ಹತ್ತಿರ ಇರುತ್ತದೆ, ಹೆಚ್ಚು ಕಾಯಬೇಕಿಲ್ಲ.

ಕುಶಾಲನಗರದಿಂದ, ವೈರಿಂಗ್ ಕೆಲಸದವನು:
ಎಸ್‌ಎಸ್‌ಆರ್ ಕೆಟ್ಟರೆ ಸಾಮಾನ್ಯವಾಗಿ ಶಾರ್ಟ್ ಆಗಿಯೇ ಕೆಡುತ್ತದೆ. ಅಂದರೆ ಹೀಟರ್ ಆರುವುದೇ ಇಲ್ಲ. ಆದ್ದರಿಂದ ಬಾಯ್ಲರಿನ ಮೇಲಿರುವ ಥರ್ಮಲ್ ಫ್ಯೂಸನ್ನು (ಶಾಖ ಮಿತಿಮೀರಿದರೆ ಕರೆಂಟು ಕಡಿಯುವ ಫ್ಯೂಸ್) ಯಾವ ಕಾರಣಕ್ಕೂ ಬೈಪಾಸ್ ಮಾಡಬೇಡಿ. ರಿಲೇಯನ್ನು ಥರ್ಮಲ್ ಪೇಸ್ಟ್ ಹಚ್ಚಿ ಯಂತ್ರದ ಲೋಹದ ಚೌಕಟ್ಟಿಗೆ ಬಿಗಿಯಿರಿ, ಬಾಯ್ಲರಿನಿಂದ ದೂರದಲ್ಲಿ. ಅರ್ಥಿಂಗ್ ತಂತಿ ತೆಗೆದಿದ್ದರೆ ಮರಳಿ ಹಾಕಿ. ಮಳೆಗಾಲದಲ್ಲಿ ಗೋಡೆಯೇ ಬೆವರುವ ಅಡುಗೆಮನೆಗಳು ನಮ್ಮವು, 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಕ್ಷಣ ಕಡಿಯುವ ಸ್ವಿಚ್ಚು) ಇಲ್ಲದೆ ಇದಕ್ಕೆ ಕೈಹಾಕಬೇಡಿ.

ಕೇಳಿದವರು:
ಉಪಕಾರವಾಯಿತು. ಗುರಿ ಎಷ್ಟಕ್ಕೆ ಇಡಲಿ?

ವಿರಾಜಪೇಟೆಯಿಂದ:
ಸೆನ್ಸರ್ ಅಳೆಯುವುದು ಬಾಯ್ಲರಿನ ಮೈಯನ್ನು, ಪುಡಿ ತಲುಪುವ ನೀರು ಅದಕ್ಕಿಂತ ತಣ್ಣಗಿರುತ್ತದೆ. ನನ್ನದರಲ್ಲಿ 104 ಇಟ್ಟರೆ ಪುಡಿಯ ಮೇಲೆ ಸುಮಾರು 93. ರೊಬಸ್ಟಾ ಬೆರೆಸಿದ ದಿನ ಅಥವಾ ಹುರಿದದ್ದು ಕಪ್ಪಗಾದಾಗ ಮೂರ್ನಾಲ್ಕು ಡಿಗ್ರಿ ಇಳಿಸುತ್ತೇನೆ. ಹಬೆಯ ಥರ್ಮೋಸ್ಟಾಟನ್ನು ಮುಟ್ಟಿಲ್ಲ, ಹಾಲಿನ ನೊರೆಗೆ ಅದೇ ಸಾಕು. ತೆಗೆದ ಹಳೆಯ ಥರ್ಮೋಸ್ಟಾಟನ್ನು ಎಸೆಯಬೇಡಿ. ನಿಯಂತ್ರಕ ಸಿಡಿಲಿಗೆ ಸುಟ್ಟರೆ ಹೊಸದು ಬರುವ ತನಕ ಅದನ್ನೇ ಹಾಕಿಕೊಳ್ಳಬಹುದು.