ಶ್ರವಣ ಸಹಾಯಕ ಟ್ರಾನ್ಸ್‌ಮಿಟರ್‌ಗೆ ಮಿಕ್ಸರ್‌ನ ಯಾವ ಔಟ್‌ಪುಟ್?

ಪ್ರಶ್ನೆ: 300 ಸೀಟಿನ ಸಭಾಂಗಣ. ಕಿವಿ ಮಂದ ಇರೋರ ರಿಸೀವರ್‌ಗಳಿಗೆ ದನಿ ಕಳಿಸುವ ಎಫ್‌ಎಂ ಟ್ರಾನ್ಸ್‌ಮಿಟರ್‌ಗೆ ಮಿಕ್ಸರ್‌ನ ಹೆಡ್‌ಫೋನ್ ಔಟ್‌ನಿಂದ ಸಿಗ್ನಲ್ ಕೊಟ್ಟಿದೆ. ರಿಸೀವರ್‌ನಲ್ಲಿ ಗುಂಯ್ ಅನ್ನುತ್ತೆ, ಹಿಂದಿನ ಸಾಲುಗಳಲ್ಲಿ ಕಟ್ ಆಗುತ್ತೆ. ಏನು ಮಾಡೋದು?

ಉತ್ತರ 1: ಹೆಡ್‌ಫೋನ್ ಔಟ್ ಬೇಡವೇ ಬೇಡ. ಆಪರೇಟರ್ ಸೋಲೋ (ಒಂದೇ ಚಾನೆಲ್ ಕೇಳುವ ಬಟನ್) ಒತ್ತಿದರೆ ಕೇಳುಗರ ಕಿವಿಗೂ ಅದೇ ಹೋಗುತ್ತೆ. ಒಂದು ಆಕ್ಸ್ (ಬೇರೆಯದೇ ಮಿಶ್ರಣ ಕಳಿಸುವ ಔಟ್‌ಪುಟ್) ಇದಕ್ಕೇ ಮೀಸಲಿಟ್ಟು, ಪೋಸ್ಟ್-ಫೇಡರ್ (ಚಾನೆಲ್ ಫೇಡರ್ ಏರಿಳಿಸಿದಂತೆ ಇದೂ ಏರಿಳಿಯುವಂತೆ) ಮಾಡಿ, ಬ್ಯಾಲೆನ್ಸ್ಡ್ (ಹೊರಗಿನ ಗದ್ದಲ ತಡೆಯುವ) ಕೇಬಲ್‌ನಲ್ಲಿ ಮೊನೊ ಆಗಿ ಟ್ರಾನ್ಸ್‌ಮಿಟರ್‌ನ ಲೈನ್ ಇನ್‌ಗೆ ಕೊಡಿ. ಟ್ರಾನ್ಸ್‌ಮಿಟರ್‌ನ ಸ್ವಿಚ್ ‘ಮೈಕ್’ ಕಡೆ ಉಳಿದಿದ್ದರೆ ದನಿ ಒಡೆಯುತ್ತೆ, ನೋಡಿಕೊಳ್ಳಿ. ಆ ಆಕ್ಸ್‌ನಲ್ಲಿ ಮಾತಿನ ಮೈಕ್‌ಗಳೇ ಮುಂದಿರಲಿ; ಸಂಗೀತ ಹಿಂದೆ.

ಉತ್ತರ 2: ಗುಂಯ್ ಬಹುತೇಕ ಗ್ರೌಂಡ್ ಲೂಪ್ (ಎರಡು ಯಂತ್ರಗಳ ಅರ್ಥ್‌ಗಳ ನಡುವೆ ಸುತ್ತುವ ಕರೆಂಟ್). ಆಡಿಯೊ ಕೇಬಲ್ ಕಿತ್ತಾಗ ಸದ್ದು ನಿಂತರೆ, ನಡುವೆ 1:1 ಆಡಿಯೊ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಹಾಕಿ. ಪ್ಲಗ್‌ನ ಅರ್ಥ್ ಪಿನ್ ಮಾತ್ರ ಮುರಿಯಬೇಡಿ, ಅದು ಜೀವದ ಪ್ರಶ್ನೆ. ಆಂಟೆನಾ ಕಬ್ಬಿಣದ ರ‍್ಯಾಕ್ ಒಳಗಿದೆಯಾ? ಹೊರಗೆ ತಂದು, ಜನರ ತಲೆಗಿಂತ ಮೇಲೆ, ನೆಟ್ಟಗೆ ನಿಲ್ಲಿಸಿ. ಖಾಲಿ ಹಾಲ್‌ನಲ್ಲಿ ಪರೀಕ್ಷಿಸಿ ಸಮಾಧಾನ ಪಡಬೇಡಿ. ತುಂಬಿದ ಹಾಲ್‌ನಲ್ಲಿ ಮೈಗಳೇ ಸಿಗ್ನಲ್ ಹೀರುತ್ತವೆ.

ಉತ್ತರ 3: ಶ್ರವಣಯಂತ್ರ ಹಾಕಿದವರಿಗೆ ಇಯರ್‌ಫೋನ್ ಉಪಯೋಗಕ್ಕೆ ಬರಲ್ಲ. ಯಂತ್ರದಲ್ಲಿ ಟಿ-ಕಾಯಿಲ್ (ಕಾಂತೀಯ ಸಿಗ್ನಲ್ ಹಿಡಿಯುವ ಸುರುಳಿ) ಇರೋರಿಗೆ ನೆಕ್‌ಲೂಪ್ (ಆ ಸಿಗ್ನಲ್ ಕೊಡುವ, ಕತ್ತಿಗೆ ಹಾಕುವ ತಂತಿ) ಕೊಡಿ, ರಿಸೀವರ್‌ನ ಹೆಡ್‌ಫೋನ್ ಜ್ಯಾಕ್‌ಗೇ ಸಿಗಿಸಬಹುದು. ವಾಲ್ಯೂಮ್ ಸ್ವಲ್ಪ ಏರಿಸಬೇಕಾದೀತು. ಮತ್ತೆ ಬ್ಯಾಟರಿ! ಅರ್ಧಕ್ಕರ್ಧ ದೂರು ಅದರದ್ದೇ.