ಪುಟ್ಟಿಗೆ: ಕಾರ್ಬೊನಾರಾಗೆ ಕ್ರೀಮ್ ಬೇಡ, ಒಲೆ ಆರಿಸಿದರೆ ಸಾಕು

ಪುಟ್ಟಿ, ನಿನ್ನೆ ರಾತ್ರಿ ನೀನು ಗ್ರೂಪಿಗೆ ಹಾಕಿದ ಫೋಟೋ ಈಗ ಎದ್ದ ಮೇಲೆ ನೋಡಿದೆ. ನಿಮ್ಮ ಯಜಮಾನರ ಹುಟ್ಟುಹಬ್ಬಕ್ಕೆ ಅಂತ ಅಷ್ಟು ಆಸೆಯಿಂದ ನ್ಯೋಕ್ಕಿ ಕಾರ್ಬೊನಾರಾ, ಅಂದರೆ ಮೊಟ್ಟೆ, ಚೀಸ್, ಹಂದಿಮಾಂಸದ ಸಾಸು ಹಾಕಿದ ಆಲೂಗಡ್ಡೆ ಉಂಡೆ, ಮಾಡಲು ಹೊರಟಿದ್ದೆ. ಮೊದಲ ಸಲ ಹಾಕಿದ್ದು ನೀರಿನಲ್ಲೇ ಕರಗಿ ಗಂಜಿಯಾಯಿತು, ಉಳಿದ ಹಿಟ್ಟಿಗೆ ಇನ್ನಷ್ಟು ಮೈದಾ ಸೇರಿಸಿದೆ, ಅದು ರಬ್ಬರಿನ ಹಾಗಾಯಿತು, ಕೊನೆಗೆ ಮೊಟ್ಟೆಯೂ ಒಡೆದು ಬುರ್ಜಿಯಾಯಿತು ಅಂತ ಬರೆದಿದ್ದೀಯ. ಬೇಜಾರು ಮಾಡಿಕೊಳ್ಳಬೇಡ. ನನಗೆ ಇದು ಬಹಳ ಇಷ್ಟದ ಅಡುಗೆ, ಸರಿಯಾಗಿ ಹೇಳಿಕೊಡಬೇಕು ಅಂತಲೇ ಇಷ್ಟುದ್ದ ವಾಯ್ಸ್ ಮೆಸೇಜ್. ನಿಧಾನಕ್ಕೆ ಕೇಳು.

ಮೊದಲು ಚಿಕ್ಕಪ್ಪನಿಗೆ ಒಂದು ಮಾತು. ಚಿಕ್ಕಪ್ಪ, ನೀವು "ಎರಡು ಚಮಚ ಕ್ರೀಮ್ ಹಾಕಿದ್ದರೆ ಸರಿಹೋಗುತ್ತಿತ್ತು" ಅಂದಿರಿ. ಇಲ್ಲಿ ರೋಮಿನಲ್ಲಿ ಕಾರ್ಬೊನಾರಾಗೆ ಕ್ರೀಮ್ ಹಾಕುವುದಿಲ್ಲ. ಆ ನುಣುಪು, ಆ ಗಟ್ಟಿ ಹಾಲಿನಂಥ ಹದ ಬರುವುದು ಮೊಟ್ಟೆಯ ಹಳದಿ, ಚೀಸ್, ಕರಗಿದ ಕೊಬ್ಬು, ನ್ಯೋಕ್ಕಿ ಬೇಯಿಸಿದ ನೀರು, ಇಷ್ಟರಿಂದಲೇ. ಇದೇನೂ ತುಂಬಾ ಹಳೆಯ ಅಡುಗೆಯಲ್ಲ. 1944ರ ಜೂನ್‌ನಲ್ಲಿ ರೋಮಿಗೆ ಬಂದ ಅಮೆರಿಕದ ಸೈನಿಕರ ಬೇಕನ್ (ಉಪ್ಪು ಹಚ್ಚಿದ ಹಂದಿಮಾಂಸ), ಮೊಟ್ಟೆಪುಡಿಯಿಂದ ಇದು ಹುಟ್ಟಿತು ಅನ್ನುವ ಕಥೆ ಇಲ್ಲಿ ಬಹಳ ಜನ ಹೇಳುತ್ತಾರೆ. ಇದ್ದಿಲು (ಇಲ್ಲಿನ ಭಾಷೆಯಲ್ಲಿ 'ಕಾರ್ಬೊನೆ') ಸುಡುವವರ ಊಟ, ಅದಕ್ಕೇ ಆ ಹೆಸರು ಅನ್ನುವವರೂ ಇದ್ದಾರೆ. 1954ರ ಆಗಸ್ಟ್‌ನಲ್ಲಿ ಇಲ್ಲಿನ 'ಲಾ ಕುಚಿನಾ ಇಟಾಲಿಯಾನಾ' ಪತ್ರಿಕೆಯಲ್ಲಿ ಅಚ್ಚಾದ ಕಾರ್ಬೊನಾರಾದಲ್ಲಿ ಬೆಳ್ಳುಳ್ಳಿ ಇತ್ತು, ಗ್ರುಯೇರ್ ಚೀಸ್ ಇತ್ತು. ಆಮೇಲೆ ಕೆಲವು ವರ್ಷ ಇಟಲಿಯವರೇ ಕ್ರೀಮ್ ಹಾಕಿಯೂ ಬರೆದರು. ಹಾಗಾಗಿ ನಿಮ್ಮದು ಕೇಳಬಾರದ ಮಾತೇನಲ್ಲ ಚಿಕ್ಕಪ್ಪ. ಆದರೆ ಕ್ರೀಮ್ ಹಾಕಿದರೆ ಮೊಟ್ಟೆಯ ರುಚಿ, ಚೀಸಿನ ಖಾರ ಎರಡೂ ಮಂಕಾಗುತ್ತವೆ. ಒಮ್ಮೆ ಹಾಕದೆ ತಿಂದು ನೋಡಿ, ಆಮೇಲೆ ನೀವೇ ಹೇಳಿ.

ಪುಟ್ಟಿ, ಇನ್ನೊಂದು ಗೊತ್ತಿರಲಿ. ಕಾರ್ಬೊನಾರಾವನ್ನು ಇಲ್ಲಿ ಹೆಚ್ಚಾಗಿ ಸ್ಪಗೆಟ್ಟಿಗೋ ರಿಗಟೋನಿಗೋ, ಅಂದರೆ ಉದ್ದ ಎಳೆಯ ಇಲ್ಲವೇ ಕೊಳವೆಯಂಥ ಪಾಸ್ತಾಗೆ, ಹಾಕುತ್ತಾರೆ. ನ್ಯೋಕ್ಕಿಗೆ ಟೊಮೇಟೊ ಸಾಸೇ ಜಾಸ್ತಿ. ರೋಮಿನಲ್ಲಿ ಗುರುವಾರ ಅಂದರೆ ನ್ಯೋಕ್ಕಿ. ಹಿಂದೆ ಇಲ್ಲಿನ ಕ್ರೈಸ್ತರಿಗೆ ಶುಕ್ರವಾರ ಮಾಂಸ ಬಿಡುವ ದಿನ, ಅದಕ್ಕೆ ಹಿಂದಿನ ದಿನ ಹೊಟ್ಟೆ ತುಂಬುವಂಥದ್ದು ಬೇಕಿತ್ತಂತೆ. ಆದರೂ ಕಾರ್ಬೊನಾರಾ ಹಾಕಿದ ನ್ಯೋಕ್ಕಿ ನನಗೆ ಎಲ್ಲಕ್ಕಿಂತ ಇಷ್ಟ. ಯಾಕೆ ಗೊತ್ತಾ? ನಮ್ಮ ಮನೆಯ ಕಡುಬು, ಹಂದಿ ಸಾರು ನೆನಪಾಗುತ್ತೆ. ಮೆತ್ತಗಿನ ಉಂಡೆ, ಹಂದಿಯ ಕೊಬ್ಬು, ಕಾಳುಮೆಣಸು. ಮೊದಲ ಸಲ ತಿಂದ ದಿನ ಅಜ್ಜಿಯ ಒಲೆ ಮುಂದೆ ಕೂತ ಹಾಗೇ ಆಗಿತ್ತು.

ಈಗ ಆಲೂಗಡ್ಡೆ. ನಿನ್ನ ನ್ಯೋಕ್ಕಿ ಕೆಟ್ಟಿದ್ದು ಅಲ್ಲೇ. ನೀನು ಸಿಪ್ಪೆ ತೆಗೆದು, ಹೆಚ್ಚಿ, ಕುಕ್ಕರಿನಲ್ಲಿ ಮೂರು ಸೀಟಿ ಹಾಕಿಸಿದೆ ಅಂದೆ. ಹೆಚ್ಚಿದ ಹೋಳು ನೀರನ್ನೆಲ್ಲ ಕುಡಿದುಬಿಡುತ್ತದೆ. ಆಲೂಗಡ್ಡೆಯಲ್ಲಿ ನೀರು ಜಾಸ್ತಿಯಾದರೆ ಹಿಟ್ಟು ಜಾಸ್ತಿ ಬೇಕಾಗುತ್ತದೆ. ಹಿಟ್ಟು ಜಾಸ್ತಿಯಾದರೆ ಗಟ್ಟಿ. ಕಡಿಮೆ ಹಾಕಿದರೆ ಕುದಿಯುವ ನೀರಿಗೆ ಬಿದ್ದ ಕೂಡಲೇ ಬಿಚ್ಚಿಕೊಳ್ಳುತ್ತದೆ. ನಿನಗೆ ಎರಡೂ ಆಯಿತು ನೋಡು, ಎರಡಕ್ಕೂ ಕಾರಣ ಒಂದೇ.

ಹೊಸ ಆಲೂಗಡ್ಡೆ ತರಬೇಡ. ತೆಳು ಸಿಪ್ಪೆಯ, ಉಗುರಲ್ಲಿ ಕೆರೆದರೆ ಸಿಪ್ಪೆ ಏಳುವಂಥದ್ದು ಹೊಸದು, ಅದರಲ್ಲಿ ನೀರಿನ ಅಂಶ ಜಾಸ್ತಿ. ಕೆಲವು ವಾರ ಇಟ್ಟ, ಸಿಪ್ಪೆ ದಪ್ಪಗಾದ, ಬೇಯಿಸಿದರೆ ಹಿಟ್ಟು ಹಿಟ್ಟಾಗಿ ಉದುರುವ ಹಳೆ ಆಲೂಗಡ್ಡೆ ಕೇಳಿ ತಗೋ. ನಾಲ್ಕು ಜನಕ್ಕೆ ಒಂದು ಕೆಜಿ. ಎಲ್ಲಾ ಒಂದೇ ಗಾತ್ರದವು ಆರಿಸು. ಸಿಪ್ಪೆ ಸಮೇತ, ಇಡಿಯಾಗಿ, ತಣ್ಣೀರಿನಲ್ಲಿ ಉಪ್ಪು ಹಾಕಿ ಇಟ್ಟು ಬೇಯಿಸಬೇಕು. ಮೂವತ್ತು, ನಲವತ್ತು ನಿಮಿಷ ಹಿಡಿಯುತ್ತದೆ. ಇನ್ನೂ ಒಳ್ಳೆಯದೆಂದರೆ ಕಡುಬು ಬೇಯಿಸುವ ಪಾತ್ರೆಯಲ್ಲಿ ಹಬೆಯಲ್ಲೇ ಬೇಯಿಸು. ಆಗ ನೀರು ತಾಗುವುದೇ ಇಲ್ಲ.

ಬೆಂದ ಮೇಲೆ ಕಾಯಬೇಡ. ಬಟ್ಟೆಯಲ್ಲಿ ಹಿಡಿದುಕೊಂಡು ಬಿಸಿಬಿಸಿಯಲ್ಲೇ ಸಿಪ್ಪೆ ತೆಗೆ. ಇಲ್ಲಿ ಆಲೂಗಡ್ಡೆ ಒತ್ತಲು ಒಂದು ಸಾಮಾನಿದೆ, ದೊಡ್ಡ ಇಕ್ಕಳದ ಹಾಗೆ, ತಳದಲ್ಲಿ ತೂತು. ನಮ್ಮ ಮೇಲಿನ ಮಹಡಿಯ ಅಜ್ಜಿ ಮೊದಲ ಸಲ ಅದನ್ನು ಒತ್ತಿ ತೋರಿಸಿದಾಗ ನಾನು "ಇದು ನಮ್ಮ ಶಾವಿಗೆ ಒರಳು" ಅಂದೆ. ನಿಜವಾಗಲೂ ಅದೇ. ಅಮ್ಮನ ಹತ್ತಿರ ಇರುವ ಶಾವಿಗೆ ಒರಳು ಇಸ್ಕೊಂಡು ಬಾ. ಚಕ್ಕುಲಿ ಒರಳಿಗೆ ಓಮಪುಡಿ ಬಿಲ್ಲೆ ಹಾಕಿದರೂ ಆಗುತ್ತದೆ. ಮಿಕ್ಸಿಗೆ ಮಾತ್ರ ಹಾಕಬೇಡ, ಅಂಟು ಅಂಟಾಗಿ ಗೋಂದಿನ ಹಾಗಾಗುತ್ತದೆ. ಒತ್ತಿದ್ದನ್ನು ಹಲಗೆ ಮೇಲೆ ಅಗಲಕ್ಕೆ ಹರಡು. ಹಬೆ ಏಳುವುದು ಕಣ್ಣಿಗೆ ಕಾಣುತ್ತದೆ. ಆ ಹಬೆಯೇ ನಿನಗೆ ಬೇಡವಾದ ನೀರು. ಅದು ಹೋಗಲಿ, ಐದಾರು ನಿಮಿಷ ಸುಮ್ನೆ ಬಿಡು. ಅಜ್ಜಿ ಹಲಗೆ ಮೇಲೆ ಅಂಗೈ ಚಾಚಿ ನೋಡುತ್ತಾರೆ. ಅಂಗೈ ಒದ್ದೆಯಾದರೆ "ಆಸ್ಪೆತ್ತಾ" ಅನ್ನುತ್ತಾರೆ, ತಾಳು ಅಂತ. ಅಂಗೈ ಒಣಗಿದ್ದರೆ ಹಿಟ್ಟಿನ ಡಬ್ಬ ತೆಗೆಯುತ್ತಾರೆ. ನಾನೂ ಈಗ ಹಾಗೇ ನೋಡುವುದು.

ಒಂದು ಕೆಜಿಗೆ ಮೈದಾ 250 ಗ್ರಾಂ. ಮೊದಲು 200 ಹಾಕು, ಬೇಕಿದ್ದರೆ ಮಾತ್ರ ಉಳಿದದ್ದು. 300 ದಾಟಬೇಡ. ಚಿಟಿಕೆ ಉಪ್ಪು. ಚಪಾತಿ ಹಿಟ್ಟಿನ ಹಾಗೆ ನಾದಬೇಡ ಪುಟ್ಟಿ, ಇದೊಂದು ಮರೆಯಬೇಡ. ನಾದಿದಷ್ಟೂ ಮೈದಾ ಜಿಗುಟಾಗಿ ರಬ್ಬರಾಗುತ್ತದೆ. ಸುಮ್ನೆ ಒಟ್ಟುಗೂಡಿಸಿ ಒತ್ತಿ, ಉಂಡೆಯಾದ ಕೂಡಲೇ ಕೈ ತೆಗೆ. ಆಮೇಲೆ ಒಂದೇ ಒಂದು ಚೂರು ಕುದಿಯುವ ನೀರಿಗೆ ಹಾಕಿ ನೋಡು. ಬಿಚ್ಚಿಕೊಂಡರೆ ಇನ್ನೊಂದು ಚಮಚ ಮೈದಾ. ಗಟ್ಟಿಯಾಗಿ ನಿಂತರೆ ಸಾಕು. ಈ ಒಂದು ಚೂರು ನೋಡಿದ್ದರೆ ನಿನ್ನೆ ಇಡೀ ಪಾತ್ರೆ ಗಂಜಿಯಾಗುತ್ತಿರಲಿಲ್ಲ.

ಹೆಬ್ಬೆರಳಿನ ದಪ್ಪಕ್ಕೆ ಹಗ್ಗದ ಹಾಗೆ ಹೊಸೆದು, ಎರಡು ಸೆಂಟಿಮೀಟರಿಗೆ ಒಂದರಂತೆ ಕತ್ತರಿಸು. ಫೋರ್ಕಿನ ಬೆನ್ನ ಮೇಲೆ ಇಟ್ಟು ಹೆಬ್ಬೆರಳಲ್ಲಿ ಒತ್ತಿ ಜಾರಿಸಿದರೆ ಒಂದು ಕಡೆ ಗೆರೆ, ಇನ್ನೊಂದು ಕಡೆ ಗುಳಿ. ಚಂದಕ್ಕಲ್ಲ, ಸಾಸು ಹಿಡಿದುಕೊಳ್ಳಲು. ಚಿರೋಟಿ ರವೆ ಉದುರಿಸಿದ ಬಟ್ಟೆ ಮೇಲೆ ಬಿಡಿಬಿಡಿಯಾಗಿ ಹರಡು. ಅರ್ಧ ಗಂಟೆಗಿಂತ ಜಾಸ್ತಿ ಇಡಬೇಡ, ನೀರು ಬಿಟ್ಟು ಅಂಟಿಕೊಳ್ಳುತ್ತವೆ.

ಈಗ ಸಾಸು. ಇಲ್ಲಿ ಹಾಕುವುದು ಗ್ವಾಂಚಾಲೆ. ಹಂದಿಯ ಕೆನ್ನೆಯ ಮಾಂಸ, ಉಪ್ಪು, ಮೆಣಸು ಸವರಿ ಒಣಗಿಸಿದ್ದು. ನಿನಗೆ ಅಲ್ಲಿ ಅದು ಸಿಗದಿದ್ದರೆ ಬೇಕನ್ ತಗೋ, ಆದರೆ ಆದಷ್ಟು ಹೊಗೆ ಹಾಕದ್ದು, ತೆಳು ಪಟ್ಟಿಯಲ್ಲ, ದಪ್ಪ ತುಂಡು. ಹೊಗೆ ಹಾಕಿದ್ದಾದರೆ ಉಳಿದ ರುಚಿಯನ್ನೆಲ್ಲ ಹೊಗೆಯೇ ನುಂಗುತ್ತದೆ. 150 ಗ್ರಾಂ ಸಾಕು. ಬೆರಳಗಲ ತುಂಡು ಮಾಡಿ, ತಣ್ಣಗಿರುವ ಬಾಣಲೆಗೇ ಹಾಕಿ ಸಣ್ಣ ಉರಿಯಲ್ಲಿ ಇಡು. ಎಣ್ಣೆ ಬೇಡ. ಕೊಬ್ಬು ತಾನೇ ಕರಗಿ ಬರುತ್ತದೆ. ಹೊರಗೆ ಗರಿಗರಿ, ಒಳಗೆ ಮೆತ್ತಗಿರುವಾಗ ತುಂಡುಗಳನ್ನು ತೆಗೆದಿಡು, ಕೊಬ್ಬು ಬಾಣಲೆಯಲ್ಲೇ ಇರಲಿ.

ಒಂದು ಬಟ್ಟಲಿಗೆ ನಾಲ್ಕು ಹಳದಿ, ಒಂದು ಇಡೀ ಮೊಟ್ಟೆ, ಸಣ್ಣಗೆ ತುರಿದ ಪೆಕೊರಿನೊ ರೊಮಾನೊ 100 ಗ್ರಾಂ. ಇದು ಕುರಿ ಹಾಲಿನ ಚೀಸ್, ತುಂಬಾ ಉಪ್ಪು, ಸ್ವಲ್ಪ ಖಾರ. ಹೆಸರಲ್ಲಿ ರೋಮ್ ಇದ್ದರೂ ಈಗ ಹೆಚ್ಚಿನದು ಸಾರ್ಡಿನಿಯಾ ದ್ವೀಪದಲ್ಲಿ ಆಗುತ್ತದೆ. ಸಿಗದಿದ್ದರೆ ಪಾರ್ಮೆಸಾನ್ ಹಾಕು. ಸಾಸಿಗೆ ಬೇರೆ ಉಪ್ಪು ಬೇಡ. ಮೊಟ್ಟೆ, ಚೀಸ್ ಕಲಸಿದರೆ ಇಡ್ಲಿ ಹಿಟ್ಟಿನ ಹದಕ್ಕೆ ಬರಬೇಕು. ಮೊಟ್ಟೆ ಫ್ರಿಜ್ಜಿನಿಂದ ಒಂದು ಗಂಟೆ ಮೊದಲೇ ತೆಗೆದಿಡು.

ಕಾಳುಮೆಣಸು ಮಾತ್ರ ತೋಟದ್ದೇ ಹಾಕು. ಪುಡಿ ಪ್ಯಾಕೆಟ್ ಬೇಡ. ಕುಟ್ಟಾಣಿಯಲ್ಲಿ ತರಿತರಿಯಾಗಿ ಕುಟ್ಟು, ಕಣ್ಣಿಗೆ ಕಪ್ಪಗೆ ಕಾಣುವಷ್ಟು. ಕಳೆದ ಸಲ ಅಪ್ಪ ಕಟ್ಟಿಕೊಟ್ಟ ಮೆಣಸನ್ನು ನಾನು ಇವತ್ತಿಗೂ ಇದಕ್ಕೆ ಅಂತಲೇ ಎತ್ತಿಟ್ಟಿದ್ದೇನೆ. ಮೇಲಿನ ಅಜ್ಜಿಗೂ ಸ್ವಲ್ಪ ಕೊಟ್ಟೆ, ಅವರು ಡಬ್ಬದ ಮುಚ್ಚಳ ತೆಗೆದು ಮೂಸಿ ಮೂಸಿ ನೋಡಿದರು. ಇಲ್ಲಿ ಹಳೇ ರೋಮಿನ ನಡುಚೌಕ, ಅಂದರೆ ಫೋರಮ್ ಪಕ್ಕ ದೊಮಿಷಿಯನ್ ಚಕ್ರವರ್ತಿ ಕಟ್ಟಿಸಿದ ಮೆಣಸಿನ ಉಗ್ರಾಣ ಇತ್ತು. ಮಲಬಾರ್ ಕಡೆಯಿಂದ ಹಡಗಿನಲ್ಲಿ ಬಂದ ಮೆಣಸು ಹತ್ತೊಂಬತ್ತು ನೂರು ವರ್ಷಗಳ ಹಿಂದೆ ಅಲ್ಲಿ ರಾಶಿ ಬೀಳುತ್ತಿತ್ತು. ಆ ದಾರಿಯಲ್ಲಿ ಹೋಗುವಾಗೆಲ್ಲ ನನಗೆ ನಮ್ಮ ಮನೆಯ ಅಂಗಳ, ಚಾಪೆ ಮೇಲೆ ಹರಡಿದ ಮೆಣಸು ಕಣ್ಣ ಮುಂದೆ ಬರುತ್ತದೆ.

ಆಯಿತು, ಈಗ ಕೊನೆಯ ಐದು ನಿಮಿಷ. ಮೊಟ್ಟೆ ಒಡೆಯುವುದೂ ಉಳಿಯುವುದೂ ಇಲ್ಲೇ. ಅಗಲ ಪಾತ್ರೆಯಲ್ಲಿ ನೀರು ಕುದಿಸಿ, ಉಪ್ಪು ಸ್ವಲ್ಪ ಕಡಿಮೆಯೇ ಹಾಕಿ, ನ್ಯೋಕ್ಕಿಯನ್ನು ಎರಡು ಮೂರು ಸಲವಾಗಿ ಬಿಡು. ತಳಕ್ಕೆ ಹೋಗಿ ಎರಡು ಮೂರು ನಿಮಿಷದಲ್ಲಿ ತೇಲಿ ಬರುತ್ತವೆ. ತೇಲಿದ ಕೂಡಲೇ ಜಾಲರಿ ಸೌಟಿನಲ್ಲಿ ಎತ್ತಿ ಕೊಬ್ಬಿರುವ ಬಾಣಲೆಗೆ ಹಾಕು. ಬೇಯಿಸಿದ ನೀರು ಚೆಲ್ಲಬೇಡ, ಅದರಲ್ಲಿ ಹಿಟ್ಟಿನ ಅಂಶ ಇದೆ, ಚೀಸ್ ಉಂಡೆಗಟ್ಟದ ಹಾಗೆ ಅದೇ ಹಿಡಿದುಕೊಳ್ಳುವುದು. ಅರ್ಧ ಸೌಟು ಬಾಣಲೆಗೆ ಹಾಕಿ ಒಮ್ಮೆ ಕುಲುಕಿಸು. ಈಗ ಒಲೆ ಆರಿಸು. ಉರಿ ಸಣ್ಣ ಮಾಡುವುದಲ್ಲ, ಪೂರ್ತಿ ಆರಿಸು. ಬಾಣಲೆಯನ್ನು ಒಲೆಯಿಂದ ಕೆಳಗಿಳಿಸಿ ಒಂದು ನಿಮಿಷ ನಿಲ್ಲು. ಮೊಟ್ಟೆಯ ಹಳದಿ ಸುಮಾರು 65 ಡಿಗ್ರಿಯಲ್ಲಿ ಗಟ್ಟಿಯಾಗಲು ಶುರುವಾಗುತ್ತದೆ, 70 ದಾಟಿದರೆ ಒಡೆಯುತ್ತದೆ. ಕುದಿಯುತ್ತಿರುವ ಬಾಣಲೆ ಅದಕ್ಕಿಂತ ಎಷ್ಟೋ ಬಿಸಿ. ನೀನು ಉರಿಯ ಮೇಲೇ ಸುರಿದೆಯಲ್ವಾ, ಅದಕ್ಕೇ ಬುರ್ಜಿಯಾಗಿದ್ದು.

ಮೊಟ್ಟೆಯ ಬಟ್ಟಲಿಗೆ ಎರಡು ಚಮಚ ಬಿಸಿ ನೀರು ಹಾಕಿ ಕಲಸಿ, ಆಮೇಲೆ ಬಾಣಲೆಗೆ ಸುರಿ. ಸೌಟು ಹಾಕಿ ತಿರುವಬೇಡ, ನ್ಯೋಕ್ಕಿ ಮುರಿಯುತ್ತವೆ. ಬಾಣಲೆಯ ಹಿಡಿ ಹಿಡಿದು ದುಂಡಗೆ ಕುಲುಕಿಸುತ್ತಾ ಇರು. ಮೊದಲು ನೀರು ನೀರು ಕಾಣುತ್ತದೆ, ಹೆದರಬೇಡ. ಅರ್ಧ ನಿಮಿಷದಲ್ಲಿ ಪ್ರತಿ ನ್ಯೋಕ್ಕಿಗೂ ಮಿರಿಮಿರಿ ಹಳದಿ ಹತ್ತಿಕೊಳ್ಳುತ್ತದೆ. ತೆಳುವಾಗೇ ಉಳಿದರೆ ಬಾಣಲೆಯನ್ನು ಕುದಿಯುವ ನೀರಿನ ಪಾತ್ರೆಯ ಹಬೆ ಮೇಲೆ ಒಂದಿಷ್ಟು ಹಿಡಿದು ಕುಲುಕಿಸು, ಒಲೆಗೆ ಮಾತ್ರ ಮತ್ತೆ ಇಡಬೇಡ. ಗಟ್ಟಿಯಾದರೆ ಒಂದು ಚಮಚ ನೀರು. ಎತ್ತಿಟ್ಟ ತುಂಡುಗಳನ್ನು ಮೇಲೆ ಹಾಕಿ, ಇನ್ನಷ್ಟು ಚೀಸ್, ಮೆಣಸು ಉದುರಿಸು.

ಒಂದು ಎಚ್ಚರಿಕೆ. ಈ ಸಾಸಿನಲ್ಲಿ ಮೊಟ್ಟೆ ಪೂರ್ತಿ ಬೇಯುವುದಿಲ್ಲ. ಹಾಗಾಗಿ ಅತ್ತಿಗೆ ಬಸುರಿ ಇರುವ ಈ ತಿಂಗಳುಗಳಲ್ಲಿ ಇದನ್ನು ತಿನ್ನುವುದು ಬೇಡ. ಪುಟ್ಟ ಮಕ್ಕಳಿಗೂ, ಅಜ್ಜಿಗೂ ಬೇಡ. ಮೊಟ್ಟೆ ತಾಜಾ ಇದ್ದರೂ ಬೇಡ.

ಅವರಿಗೂ ದೊಡ್ಡಮ್ಮನಿಗೂ ಬೇರೆ ದಾರಿ ಇದೆ. ದೊಡ್ಡಮ್ಮ, ನೀವು ಮೊಟ್ಟೆ, ಮಾಂಸ ಇಲ್ಲದೆ ಆಗುತ್ತಾ ಅಂತ ಕೇಳಿದ್ದಿರಿ. ಆಗುತ್ತದೆ, ರೋಮಿನದೇ ಇನ್ನೊಂದು ಅಡುಗೆ, ಕಾಚೋ ಎ ಪೆಪೆ. ಬರೀ ಚೀಸ್, ಕಾಳುಮೆಣಸು. ಕುಟ್ಟಿದ ಮೆಣಸನ್ನು ಒಣ ಬಾಣಲೆಯಲ್ಲಿ ಘಮ್ ಅನ್ನುವವರೆಗೆ ಹುರಿದು, ಒಂದು ಸೌಟು ಬೇಯಿಸಿದ ನೀರು ಹಾಕಿ, ಅದಕ್ಕೆ ನ್ಯೋಕ್ಕಿ. ಚೀಸನ್ನು ಬೇರೆ ಬಟ್ಟಲಲ್ಲಿ ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿ ಚಟ್ನಿಯ ಹದ ಮಾಡಿಕೊಂಡು, ಒಲೆ ಆರಿಸಿದ ಮೇಲೆ ಸೇರಿಸಿ. ಆದರೆ ಒಂದು ವಿಷಯ ನಿಮಗೆ ಹೇಳಲೇಬೇಕು ದೊಡ್ಡಮ್ಮ. ಪೆಕೊರಿನೊ ರೊಮಾನೊ ಮಾಡುವಾಗ ಹಾಲು ಒಡೆಸಲು ಕುರಿಮರಿಯ ಹೊಟ್ಟೆಯಿಂದ ತೆಗೆದ ಹೆಪ್ಪು ಹಾಕುತ್ತಾರೆ. ಪಾರ್ಮೆಸಾನಿಗೆ ಕರುವಿನದು. ನೀವು ತಿನ್ನುವುದಾದರೆ ಪ್ಯಾಕೆಟ್ ಮೇಲೆ ಹಸಿರು ಚುಕ್ಕೆ ಇರುವ ಗಟ್ಟಿ ಚೀಸನ್ನೇ ತರಿಸಿಕೊಳ್ಳಿ. ನ್ಯೋಕ್ಕಿಯಲ್ಲಿ ಆಲೂಗಡ್ಡೆ, ಮೈದಾ, ಉಪ್ಪು ಬಿಟ್ಟು ಬೇರೇನೂ ಇಲ್ಲ, ಅದರ ಬಗ್ಗೆ ಯೋಚನೆ ಬೇಡ.

ಪುಟ್ಟಿ, ಕೊನೆಗೆ ನೀನು ಕೇಳಿದ್ದು, ಮೊದಲೇ ಮಾಡಿಡಬಹುದಾ ಅಂತ. ಸಾಸು ಆಗುವುದಿಲ್ಲ, ಮತ್ತೆ ಬಿಸಿ ಮಾಡಿದರೆ ಒಡೆಯುತ್ತದೆ, ಎಲ್ಲರೂ ತಟ್ಟೆ ಮುಂದೆ ಕೂತ ಮೇಲೇ ಮಾಡು. ಹಸಿ ನ್ಯೋಕ್ಕಿಯನ್ನು ತಟ್ಟೆಯಲ್ಲಿ ಹರಡಿ ಫ್ರೀಜರಿಗೆ ಇಡಬಹುದು. ಗಟ್ಟಿಯಾದ ಮೇಲೆ ಡಬ್ಬಕ್ಕೆ ತುಂಬು. ಬೇಯಿಸುವಾಗ ಕರಗಿಸದೆ ಹಾಗೇ ಕುದಿಯುವ ನೀರಿಗೆ ಹಾಕು. ಭಾನುವಾರ ಮತ್ತೆ ಮಾಡುವುದಾದರೆ ಆಲೂಗಡ್ಡೆ ಒತ್ತುವ ಹೊತ್ತಿಗೆ ವಿಡಿಯೋ ಕಾಲ್ ಮಾಡು. ನಿಮಗೆ ಮಧ್ಯಾಹ್ನ ಒಂದು ಗಂಟೆ ಅಂದರೆ ಇಲ್ಲಿ ಬೆಳಿಗ್ಗೆ ಒಂಬತ್ತೂವರೆ, ಎದ್ದಿರುತ್ತೇನೆ. ಅಮ್ಮನಿಗೆ ಶಾವಿಗೆ ಒರಳು ಹುಡುಕಿಡಲು ಇವತ್ತೇ ಹೇಳು, ಅಟ್ಟದ ಮೇಲೆ ಹಿತ್ತಾಳೆ ಹಂಡೆಯ ಪಕ್ಕ ಇರಬೇಕು.