ಹೊಲಿಗೆಯ ರೇಷ್ಮೆ ದಾರ ಕರಗಲಿಲ್ಲ, ರೇಷ್ಮೆ ಹಾಳೆ ಹೇಗೆ ಕರಗುತ್ತದೆ?

ಪ್ರಶ್ನೆ: ಮೇಡಂ, ನಮ್ಮದು ಶಿಡ್ಲಘಟ್ಟ. ಮನೆಯಲ್ಲೇ ನೂಲು ಬಿಚ್ಚುತ್ತೇವೆ. ಅಪ್ಪನಿಗೆ ಸಕ್ಕರೆ ಕಾಯಿಲೆ. ಹಿಮ್ಮಡಿ ಗಾಯ ಎರಡು ತಿಂಗಳಾದರೂ ಮಾಯುತ್ತಿಲ್ಲ. ರೇಷ್ಮೆ ಸೇರಿಸಿದ, ತಾನಾಗಿ ಕರಗುವ ಪಾಲಿಮರ್ (ಪ್ಲಾಸ್ಟಿಕ್ ತರಹದ ವಸ್ತು) ಹಾಳೆ ಗಾಯಕ್ಕೆ ಒಳ್ಳೆಯದು ಎಂದು ಓದಿದೆ. ಆದರೆ ಹಿಂದೊಮ್ಮೆ ಅಪ್ಪನಿಗೆ ರೇಷ್ಮೆ ದಾರದಲ್ಲಿ ಹಾಕಿದ ಹೊಲಿಗೆಯನ್ನು ಡಾಕ್ಟರೇ ಬಿಚ್ಚಬೇಕಾಯಿತು. ಆ ದಾರ ಕರಗಲಿಲ್ಲ, ಇದು ಹೇಗೆ ಕರಗುತ್ತದೆ? ನಮ್ಮ ಗೂಡನ್ನೇ ಚೆನ್ನಾಗಿ ಕುದಿಸಿ ಗಾಯಕ್ಕೆ ಇಡಬಹುದಾ?

ಉತ್ತರ: ದಯವಿಟ್ಟು ಗೂಡು ಇಡಬೇಡಿ. ಬಿಸಿನೀರಿಂದ ತೆಗೆದ ಗೂಡಿಗೆ ಹುಳದ ವಾಸನೆ ಎಷ್ಟು ಹತ್ತಿರುತ್ತದೆ ಎಂದು ನಿಮಗೇ ಗೊತ್ತು. ಕುದಿಸಿದ ಮಾತ್ರಕ್ಕೆ ಅದು ಗಾಯಕ್ಕೆ ಇಡುವಷ್ಟು ಶುದ್ಧವಾಗುವುದಿಲ್ಲ.

ಗೂಡಿನ ಪೊರೆಯಲ್ಲಿ ಸುಮಾರು ಕಾಲು ಭಾಗ ಅಂಟು, ಅದೇ ಸೆರಿಸಿನ್. ಉಳಿದದ್ದು ಹೆಚ್ಚಾಗಿ ಎಳೆ, ಅಂದರೆ ಫೈಬ್ರಾಯಿನ್. ಬಣ್ಣ ಹಾಕುವವರು ಸೋಪು, ಸೋಡಾ ನೀರಲ್ಲಿ ಅಂಟು ಬಿಡಿಸುತ್ತಾರಲ್ವಾ? ಲ್ಯಾಬಿನಲ್ಲೂ ಮೊದಲು ಅದನ್ನೇ ಮಾಡುತ್ತೇವೆ.

ನಿಮ್ಮ ಮುಖ್ಯ ಪ್ರಶ್ನೆ ತುಂಬಾ ಒಳ್ಳೆಯದು. ಹುಳ ನೂತ ಎಳೆಯಲ್ಲಿ ಪ್ರೋಟೀನ್ ಸರಪಳಿಗಳು ಒತ್ತೊತ್ತಾಗಿ ಕೂತಿರುತ್ತವೆ. ದೇಹದ ಕಿಣ್ವಗಳಿಗೆ ಒಳಗೆ ನುಗ್ಗಲು ಜಾಗವೇ ಸಿಗುವುದಿಲ್ಲ. ಹಾಗಾಗಿ ಹೊಲಿಗೆಯ ದಾರ ಪೂರ್ತಿ ಹೋಗಲು ಸುಮಾರು ಎರಡು ವರ್ಷ ಬೇಕು. ಡಾಕ್ಟರ ಲೆಕ್ಕದಲ್ಲಿ ಅದು ಕರಗದ ದಾರವೇ. ಅದೇ ಎಳೆಯನ್ನು ಲಿಥಿಯಂ ಬ್ರೋಮೈಡ್ ದ್ರಾವಣದಲ್ಲಿ ಕರಗಿಸಿ, ಲವಣ ತೆಗೆದು, ತೆಳ್ಳಗೆ ಹರಡಿ ಒಣಗಿಸಿದರೆ ಗಾಜಿನಂಥ ಹಾಳೆ ಬರುತ್ತದೆ. ಒದ್ದೆ ಬೆರಳು ತಾಗಿದರೆ ಸಾಕು, ಮೆತ್ತಗಾಗಿ ಅಂಟಿಕೊಳ್ಳುತ್ತದೆ. ಮೆಥನಾಲ್‌ನಲ್ಲಿ ಅದ್ದಿದರೆ ಸರಪಳಿಗಳು ಮತ್ತೆ ಒತ್ತಾಗುತ್ತವೆ, ಆಮೇಲೆ ನೀರಿಗೆ ಬಗ್ಗುವುದಿಲ್ಲ. ಎಷ್ಟು ಒತ್ತು ಕೊಡಬೇಕು ಎನ್ನುವುದು ನಮ್ಮ ಕೈಯಲ್ಲಿದೆ. ಬೇಗ ಕರಗಬೇಕೋ, ನಿಧಾನಕ್ಕೋ ಎಂಬುದು ಹೆಚ್ಚಾಗಿ ಅದರ ಮೇಲೆ ನಿಂತಿದೆ.

ನೀವು ಓದಿದ ಹಾಳೆಯಲ್ಲಿ ಪಿಎಲ್‌ಎ, ಪಿಸಿಎಲ್ ತರಹದ, ದೇಹದಲ್ಲಿ ತಾನಾಗಿ ಒಡೆಯುವ ಪಾಲಿಮರ್ ಒಳಗೆ ರೇಷ್ಮೆ ಎಳೆ ಕೂರಿಸಿರುತ್ತಾರೆ. ಗೋಡೆಯ ಮಣ್ಣಿಗೆ ಹುಲ್ಲು ಕಲಸುತ್ತಾರಲ್ಲ, ಹಾಗೆ. ಎಳೆದರೂ ಬೇಗ ಹರಿಯುವುದಿಲ್ಲ. ಪಿಎಲ್‌ಎ ಒಡೆದರೆ ಲ್ಯಾಕ್ಟಿಕ್ ಆಮ್ಲ ಆಗುತ್ತದೆ, ಅದು ನಮ್ಮ ದೇಹಕ್ಕೆ ಹೊಸದಲ್ಲ. ಆದರೆ ಪಿಸಿಎಲ್ ಕರಗಲೂ ಎರಡು ವರ್ಷ ಹಿಡಿಯಬಹುದು. ‘ಕರಗುತ್ತದೆ’ ಅಂದರೆ ವಾರದಲ್ಲಿ ಮಾಯವಾಗುತ್ತದೆ ಎಂದಲ್ಲ.

ಪ್ರಶ್ನೆ: ಹಾಗಾದರೆ ಅಂಥದ್ದೊಂದು ತರಿಸಲಾ?

ಉತ್ತರ: ಹಿಮ್ಮಡಿ ಗಾಯದ ಪಟ್ಟಿಯನ್ನು ಹೇಗೂ ಬದಲಿಸುತ್ತಾರೆ, ಅಲ್ಲಿ ಕರಗುವುದು ಅಷ್ಟು ಮುಖ್ಯವಲ್ಲ. ತೇವ ಉಳಿಸಬೇಕು, ತೆಗೆಯುವಾಗ ಹೊಸ ಚರ್ಮ ಕಿತ್ತು ಬರಬಾರದು. ಅದಕ್ಕಿಂತ ಮೊದಲು ಹಿಮ್ಮಡಿಯ ಮೇಲೆ ಭಾರ ಬೀಳುವುದು ನಿಲ್ಲಬೇಕು. ಕಾಲಿಗೆ ರಕ್ತ ಸರಿಯಾಗಿ ಹರಿಯುತ್ತಿದೆಯಾ, ಮೂಳೆಗೆ ಸೋಂಕು ಇಳಿದಿದೆಯಾ ನೋಡಿಸಿ. ಎರಡು ತಿಂಗಳು ಜಾಸ್ತಿಯೇ ಆಯಿತು, ಈ ವಾರವೇ ಸರ್ಜನ್ ಹತ್ತಿರ ಕರೆದುಕೊಂಡು ಹೋಗಿ. ಜ್ವರ ಬಂದರೆ, ಗಾಯ ವಾಸನೆ ಬಂದರೆ ಅಥವಾ ಅಂಚು ಕಪ್ಪಾದರೆ ಅವತ್ತೇ ಹೊರಡಿ.